ಗಾಜಿನ ಪೆಟ್ಟಿಗೆಯ ಹಾವಿನ ಮರಿ ಮತ್ತು ಶ್ರಾವಕನ ವ್ರತ

ಪ್ರಾಣಿಯ ಮೇಲೆ ದಯೆ ತೋರುವುದು ಬೇರೆ. ಪ್ರಾಣಿಯನ್ನು ತನ್ನದಾಗಿ ಇಟ್ಟುಕೊಳ್ಳುವುದು ಬೇರೆ. ಮೊದಲನೆಯದು ಅಹಿಂಸಾಣುವ್ರತದ ಫಲ. ಎರಡನೆಯದು ಪರಿಗ್ರಹದ ಒಂದು ರೂಪ. ಇವೆರಡರ ನಡುವಣ ಗೆರೆ ಅಳಿಸಿಹೋದಾಗ ಹಿಂಸೆಯೇ ದಯೆಯ ಉಡುಪು ಧರಿಸಿ ಮನೆಯೊಳಗೆ ಬರುತ್ತದೆ. ಹಾವಿನ ಮರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅವು ಪೊರೆ ಕಳಚಿದಂತೆಲ್ಲ ಮೈಬಣ್ಣ ಹೇಗೆ ತಿಳಿಯಾಗುತ್ತದೆ, ಪಟ್ಟೆಗಳು ಹೇಗೆ ಮೂಡುತ್ತವೆ ಎಂದು ನೋಡಿ ಆನಂದಿಸುವ ಹವ್ಯಾಸ ಅಂತಹ ಉಡುಪು ಧರಿಸಿದ ಹಿಂಸೆಗಳಲ್ಲೊಂದು. ಪರದೇಶಗಳಲ್ಲಿ ಇದು ಬಹುಕಾಲದಿಂದ ಇದೆ. ಇಂದು ಭಾರತದ ನಗರಗಳ ಅನುಕೂಲಸ್ಥ ಮನೆಗಳಿಗೂ ಬಂದಿದೆ. ಓದಿಗೆಂದು, ಉದ್ಯೋಗಕ್ಕೆಂದು ನಗರ ಸೇರಿದ ಜೈನ ಯುವಕರು ಇದನ್ನು ನಿರ್ದೋಷವಾದ ವಿನೋದವೆಂದು, ಇನ್ನೂ ಮುಂದೆ ಹೋಗಿ ಪ್ರಾಣಿದಯೆಯೆಂದು ಭಾವಿಸುವ ಮೊದಲೇ ಈ ವಿಷಯವನ್ನು ಧರ್ಮಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ.

ಈ ಹವ್ಯಾಸದ ಸ್ವರೂಪ ಹೀಗಿದೆ. ಉತ್ತರ ಅಮೆರಿಕದಲ್ಲಿ ಗಾರ್ಟರ್ ಹಾವು ಎಂಬ ಸಣ್ಣ ಜಾತಿಯ ಹಾವುಗಳಿವೆ. ಬೆನ್ನ ಮೇಲೆ ಉದ್ದಕ್ಕೂ ಹಳದಿ ಅಥವಾ ತಿಳಿ ಬಣ್ಣದ ಪಟ್ಟೆ, ಕೆಲವು ಬಗೆಗಳಲ್ಲಿ ಪಕ್ಕಕ್ಕೆ ಕೆಂಪು. ಇವು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ. ಹುಟ್ಟಿದ ಗಳಿಗೆಯಿಂದ ಮರಿಗೆ ತಾಯಿಯ ಆಸರೆಯಿಲ್ಲ. ಎರೆಹುಳು, ಸಣ್ಣ ಮೀನುಗಳನ್ನು ತಾನೇ ಹುಡುಕಿ ತಿನ್ನುತ್ತದೆ. ಪೊರೆ ಕಳಚುವ ಮುನ್ನ ಮೈ ಮಂಕಾಗಿ, ಕಣ್ಣು ಹಾಲಿನಂತೆ ಮಬ್ಬಾಗುತ್ತದೆ. ಕಳಚಿದ ಮೇಲೆ ಬಣ್ಣ ಹೊಸದಾಗಿ ಹೊಳೆಯುತ್ತದೆ. ಈ ಹೊಳಪನ್ನು ಕಾಣುವ ಆಸೆಯೇ ಪೆಟ್ಟಿಗೆಯ ಮೂಲ.

ಬಣ್ಣ ಬದಲಿಸುವ ಹಾವನ್ನು ಕಾಣಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಅಥಣಿ ತಾಲ್ಲೂಕಿನ ಅನಂತಪುರದ ಸುತ್ತಲಿನಂತಹ ಒಣಭೂಮಿಯ ಸಡಿಲ ಮಣ್ಣು ಎರಡು ತಲೆ ಹಾವಿಗೆ ಒಗ್ಗುವ ನೆಲೆ. ಮರಾಠಿ ಬಲ್ಲ ಗಡಿನಾಡಿನವರು ಇದನ್ನೇ ಮಾಂಡೂಳ ಎನ್ನುತ್ತಾರೆ. ಇದೂ ಮರಿ ಹಾಕುವ ಹಾವು. ಮರಿಯ ಮೈ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ್ದು; ಬಾಲದ ಕಡೆಗೆ ಕಪ್ಪು ಪಟ್ಟೆಗಳು. ಬೆಳೆದಂತೆ ಪಟ್ಟೆ ಮಾಸಿ ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ವಿಷವಿಲ್ಲ, ಎರಡು ತಲೆಯೂ ಇಲ್ಲ. ಮೊಂಡಾದ ಬಾಲವನ್ನೇ ಜನ ಇನ್ನೊಂದು ತಲೆಯೆಂದು ಭ್ರಮಿಸುತ್ತಾರೆ. ಇಂತಹ ಬಡಪಾಯಿ ಜೀವಿಯನ್ನು ಮನೆಯಲ್ಲಿಟ್ಟರೆ ಲಕ್ಷ್ಮಿ ನೆಲೆಸುತ್ತಾಳೆಂಬ ಮೂಢನಂಬಿಕೆ ಹುಟ್ಟಿ, ತೂಕ ಹೆಚ್ಚಿದಂತೆ ಬೆಲೆ ಲಕ್ಷ, ಕೋಟಿಗಳಿಗೆ ಏರುತ್ತದೆಂಬ ಸುಳ್ಳು ಸಂತೆಯೇ ನಿರ್ಮಾಣವಾಗಿದೆ. ಇದನ್ನು ಮಾರಲು ಹೊರಟು ಸಿಕ್ಕಿಬಿದ್ದವರ ಸುದ್ದಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಗರದ ಯುವಕ ಬಣ್ಣಕ್ಕಾಗಿ ಇಡುತ್ತಾನೆ. ಊರಿನ ಲೋಭಿ ಹಣಕ್ಕಾಗಿ ಇಡುತ್ತಾನೆ. ಒಬ್ಬ ಸುಶಿಕ್ಷಿತ, ಇನ್ನೊಬ್ಬ ಮೂಢ ಎಂದು ಲೋಕ ಭೇದ ಮಾಡಬಹುದು. ಪೆಟ್ಟಿಗೆಯೊಳಗಿನ ಜೀವಕ್ಕೆ ಆ ಭೇದ ತಿಳಿಯದು.

ಕೊಲ್ಲದೆ ಸಾಕಲಾಗದು

ಹಸುವನ್ನು ಸಾಕುವವನು ಹುಲ್ಲು ಹಾಕುತ್ತಾನೆ. ಪಾರಿವಾಳಕ್ಕೆ ಜೋಳ ಚೆಲ್ಲುತ್ತಾನೆ. ಹಾವನ್ನು ಸಾಕುವವನು ಏನು ಹಾಕಬೇಕು? ಹಾವು ಹುಲ್ಲು ತಿನ್ನದು, ಧಾನ್ಯ ತಿನ್ನದು. ಪಂಚಮಿಯ ದಿನ ಹುತ್ತಕ್ಕೆ ಎರೆಯುವ ಹಾಲೂ ಅದರ ಆಹಾರವಲ್ಲ. ಅದಕ್ಕೆ ಎರೆಹುಳು ಬೇಕು, ಮೀನು ಬೇಕು, ಕಪ್ಪೆ ಬೇಕು, ಇಲಿಯ ಮರಿ ಬೇಕು. ಇಲ್ಲಿಗೆ ಚರ್ಚೆ ಬಹುಪಾಲು ಮುಗಿಯಬೇಕು.

ಗೃಹಸ್ಥನಿಂದ ನಡೆಯುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ಪಾಠಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಒಲೆ ಹೊತ್ತಿಸುವಲ್ಲಿ, ಹೊಲ ಉಳುವಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಆದರೆ ಸಂಕಲ್ಪೀ ಹಿಂಸೆಯನ್ನು, ಅಂದರೆ ಇಂತಹ ಜೀವ ಸಾಯಲಿ ಎಂದು ತಿಳಿದೇ ಮಾಡುವುದನ್ನು, ಅಣುವ್ರತಿಯಾದ ಶ್ರಾವಕ ಬಿಡಲೇಬೇಕು. ಹಾವಿನ ಪೆಟ್ಟಿಗೆಯೊಳಗೆ ಇಲಿಯ ಮರಿಯನ್ನು ಇಳಿಬಿಡುವ ಕೈ ಈ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ? ಅದು ಅಡುಗೆಯಲ್ಲ, ಕೃಷಿಯಲ್ಲ, ಆತ್ಮರಕ್ಷಣೆಯೂ ಅಲ್ಲ.

ಸತ್ತ ಇಲಿಯನ್ನು ಹಿಮದಲ್ಲಿಟ್ಟು ಮಾರುವ ಅಂಗಡಿಗಳು ಹೊರದೇಶಗಳಲ್ಲಿವೆ, ಅಲ್ಲಿಂದ ತಂದರೆ ಕೊಂದ ಪಾಪವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಜೈನ ಮನೆಗೆ ಹೊಸದಲ್ಲ. ಮಾಂಸವನ್ನು ಕೊಂಡು ತಿನ್ನುವವನು ತಾನು ಕೊಂದಿಲ್ಲವೆಂದು ಹೇಳುವ ಹಳೆಯ ಮಾತೇ ಇದು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಮನ, ವಚನ, ಕಾಯಗಳಿಂದ ಗುಣಿಸಿ ಒಂಬತ್ತು ದಾರಿಗಳನ್ನು ಆಚಾರ್ಯರು ಎಣಿಸಿದ್ದು ಇಂತಹ ನುಣುಚುವಿಕೆಗೆ ಎಡೆಯಿರಬಾರದೆಂದೇ.

ವ್ಯಾಪಾರಿಗಳು ಹೆಚ್ಚಾಗಿರುವ ಸಮಾಜಕ್ಕೆ ಲೆಕ್ಕದ ಭಾಷೆ ಬೇಗ ಹಿಡಿಸುತ್ತದೆ. ವಾರಕ್ಕೊಂದೇ ಜೀವವೆಂದು ಕಡಿಮೆ ಮಾಡಿ ಹಿಡಿದರೂ ವರ್ಷಕ್ಕೆ 52, ಹತ್ತು ವರ್ಷಕ್ಕೆ 520. ಎರೆಹುಳು ತಿನ್ನುವ ಎಳೆಯ ಮರಿಗಳಿಗಾದರೆ ವಾರಕ್ಕೊಂದು ಸಾಲದು. ಖಾತೆಯ ಒಂದು ಬದಿಗೆ ಈ ಜೀವಗಳು; ಇನ್ನೊಂದು ಬದಿಗೆ ನೋಡುವವನ ಕಣ್ಣಿಗೆ ದೊರೆತ ಬಣ್ಣ. ಅಂಗಡಿಯ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದವನು ಇಂತಹ ಖಾತೆಗೆ ಹೇಗೆ ಸಹಿ ಹಾಕುತ್ತಾನೆ?

ಮಾಂಸಾಹಾರ ಹಾಕಲಾರೆನೆಂದು ಸುಮ್ಮನಿದ್ದರೆ ಪಾರಾಗಬಹುದೆ? ಅದೂ ಇಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಹಾರ ತಡೆಯುವುದು ಇವುಗಳಲ್ಲಿ ಕೊನೆಯದು. ಹೀಗೆ ಹಾವನ್ನು ಸಾಕುವ ಶ್ರಾವಕ ಎರಡು ಅಲಗಿನ ನಡುವೆ ಸಿಲುಕುತ್ತಾನೆ. ಉಣಿಸಿದರೆ ಇನ್ನೊಂದು ಜೀವದ ವಧೆ. ಉಣಿಸದಿದ್ದರೆ ಈ ಜೀವಕ್ಕೆ ಅನ್ನಪಾನನಿರೋಧ. ಉಣಿಸಲಿ, ಬಿಡಲಿ, ಮೊದಲನೆಯ ಅತಿಚಾರವಾದ ಬಂಧವಂತೂ ಪೆಟ್ಟಿಗೆಯ ಮುಚ್ಚಳ ಹಾಕಿದಾಗಲೇ ಆಗಿಹೋಗಿದೆ. ಸೂತ್ರಕ್ಕೆ ಸರ್ವಾರ್ಥಸಿದ್ಧಿ ವ್ಯಾಖ್ಯೆ ಬರೆದ ಪೂಜ್ಯಪಾದರು, ಜೀವಿ ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಅರ್ಥ ಹೇಳಿದ್ದಾರೆ. ಹಗ್ಗವೇ ಬೇಕೆಂದಿಲ್ಲ, ಗಾಜೂ ಬಂಧವೇ.

ಕಾರ್ತಿಕೇಯಾನುಪ್ರೇಕ್ಷೆಯಂತೂ ಈ ವಿಷಯವನ್ನು ಇನ್ನೂ ನೇರವಾಗಿ ಮುಟ್ಟುತ್ತದೆ. ಬೆಕ್ಕು ಮುಂತಾದ ಹಿಂಸಕ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅದು ಆಯುಧಗಳ ಮಾರಾಟದೊಡನೆ ಒಂದೇ ಸಾಲಿನಲ್ಲಿಟ್ಟು ಅನರ್ಥದಂಡವೆಂದು ಕರೆಯುತ್ತದೆ. ಶ್ವೇತಾಂಬರ ಆಚಾರ್ಯರಾದ ಹೇಮಚಂದ್ರರು 12ನೆಯ ಶತಮಾನದಲ್ಲಿ ರಚಿಸಿದ ಯೋಗಶಾಸ್ತ್ರ, ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳನ್ನು ಎಣಿಸುವಾಗ, ಹಣಕ್ಕಾಗಿ ಗಿಣಿ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನೂ ಸೇರಿಸುತ್ತದೆ. ಎರಡು ಆಮ್ನಾಯಗಳೂ ಇಲ್ಲಿ ಒಂದೇ ದಿಕ್ಕನ್ನು ತೋರುತ್ತವೆ. ಹಾವಿನ ಹೆಸರು ಪಟ್ಟಿಯಲ್ಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವವನು ಶಾಸ್ತ್ರದ ಅಕ್ಷರವನ್ನು ಹಿಡಿದು ಅರ್ಥವನ್ನು ಬಿಟ್ಟವನು.

ಕೊಳ್ಳುವವನ ಪಾಲು

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 78 ಪ್ರಾಣಿಗಳು ಸಿಕ್ಕವು. 55 ಬಾಲ್ ಪೈಥಾನ್ ಎಂಬ ಹೆಬ್ಬಾವುಗಳು, ಅವೂ ಬೇರೆ ಬೇರೆ ಬಣ್ಣಗಳವು. 17 ಕಾಳಿಂಗ ಸರ್ಪಗಳು. 6 ಕಪುಚಿನ್ ಕೋತಿಗಳು. ಹಾವುಗಳು ಜೀವಂತವಾಗಿದ್ದವು, ಕೋತಿಗಳು ಸತ್ತಿದ್ದವು. 2024ರ ಏಪ್ರಿಲಿನಲ್ಲಿ ಅದೇ ನಿಲ್ದಾಣದಲ್ಲಿ, ಅದೇ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಬಳಿ 10 ಹಳದಿ ಅನಕೊಂಡಾಗಳು ಸಿಕ್ಕವು.

ಬಣ್ಣಗಳನ್ನು ಗಮನಿಸಬೇಕು. ಬಾಲ್ ಪೈಥಾನ್ ಆಫ್ರಿಕದ ಹಾವು; ನಿಸರ್ಗದಲ್ಲಿ ಅದು ಕಂದು ಮೈಯ ಮೇಲೆ ಕಪ್ಪು ಚಿತ್ತಾರ ಹೊತ್ತ ಸಾಧಾರಣ ಜೀವಿ. ಬಿಳಿ, ಹಳದಿ, ಕಿತ್ತಳೆ ಎಂದು ಹೊಸ ಹೊಸ ಬಣ್ಣದ ತಳಿಗಳನ್ನು ಎಬ್ಬಿಸಿ ಮಾರುವುದು ಅಲ್ಲಿ ದೊಡ್ಡ ವಾಣಿಜ್ಯವಾಗಿದೆ. ಸೂಟ್‌ಕೇಸಿನೊಳಗೆ ಜೀವ ತುಂಬಿದವನು ಅಪರಾಧಿ, ನಿಜ. ಆದರೆ ಗಿರಾಕಿಯಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ಸಾವಿರಾರು ಮೈಲಿ ಹೊತ್ತು ತರುವುದಿಲ್ಲ. ದಾರಿಯಲ್ಲಿ ಸತ್ತದ್ದರ ನಷ್ಟವನ್ನು ಬದುಕಿ ಬಂದದ್ದರ ಬೆಲೆಗೆ ಸೇರಿಸುವುದು ವಾಣಿಜ್ಯದ ಸಾಮಾನ್ಯ ಕ್ರಮ. ಆದ್ದರಿಂದ ಒಂದು ಬಣ್ಣದ ಮರಿಗೆ ಹಣ ತೆತ್ತವನು ತನಗೆ ಅರಿವಿಲ್ಲದೆಯೇ ಸತ್ತ ಮರಿಗಳಿಗೂ ಹಣ ತೆತ್ತಿರುತ್ತಾನೆ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂರಕ್ಷಿತ ಪ್ರಾಣಿಯನ್ನು ಕೊಲ್ಲುವುದನ್ನಷ್ಟೇ ಅಲ್ಲ, ಹಿಡಿಯುವುದನ್ನೂ ಬೇಟೆಯೆಂದೇ ಕರೆಯುತ್ತದೆ. ಎರಡು ತಲೆ ಹಾವಿಗೂ ಅದರ ರಕ್ಷಣೆಯಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶಿ ಜೀವಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕು. ಇದನ್ನೇ ಹಿಡಿದು, ನೋಂದಾಯಿಸಿದ ಮೇಲೆ ಸಾಕುವುದು ನ್ಯಾಯವೇ ಅಲ್ಲವೇ ಎಂದು ಕೇಳುವವರಿದ್ದಾರೆ. ರಾಜಶಾಸನ ತಡೆಯದ ಎಲ್ಲವೂ ಶ್ರಾವಕನಿಗೆ ಯೋಗ್ಯವಾಗಿದ್ದರೆ ಮದ್ಯದಂಗಡಿಯ ಪರವಾನಗಿ ಪಡೆದವನೂ ಅಣುವ್ರತಿಯೇ ಆಗಬೇಕಾದೀತು. ಕಾಯ್ದೆ ಕೆಳಗಿನ ಮೆಟ್ಟಿಲು. ವ್ರತ ಅದರ ಮೇಲಿನದು.

ಪರಿಗ್ರಹದ ದೃಷ್ಟಿಯಿಂದಲೂ ವಿಚಾರಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಮನಸ್ಸು ಕದಡುವುದು ಅದರ ಭಾವ. ಬಣ್ಣದ ಹಾವಿನ ಹವ್ಯಾಸ ಬೆಳೆಯುವುದೇ ಹೀಗೆ. ಒಬ್ಬನ ಬಳಿ ಪಟ್ಟೆಯ ಮರಿಯಿದೆಯೆಂದು ಇನ್ನೊಬ್ಬನಿಗೆ ಬಿಳಿಯದು ಬೇಕು. ಬಿಳಿಯದು ಬಂದ ಮೇಲೆ ಮೂರನೆಯವನಿಗೆ ಯಾರಲ್ಲೂ ಇಲ್ಲದ್ದು ಬೇಕು. ಜೀವವು ಇಲ್ಲಿ ಆಭರಣದ ಸ್ಥಾನಕ್ಕೆ ಇಳಿದಿದೆ.

ಆಕ್ಷೇಪಗಳು

ಕಾಡಿನ ಹಾವೂ ಕಪ್ಪೆಯನ್ನು ತಿನ್ನುತ್ತದೆಯಲ್ಲ, ಮನೆಯಲ್ಲಿ ತಿಂದರೇನು ಎಂಬುದು ಮೊದಲ ಆಕ್ಷೇಪ. ಹೊಲದಲ್ಲಿ ಹಾವು ಕಪ್ಪೆಯನ್ನು ಹಿಡಿದರೆ ಅದು ಆ ಜೀವಿಗಳ ಕರ್ಮ, ಸ್ವಭಾವಗಳಿಗೆ ಸೇರಿದ್ದು. ಕಪ್ಪೆಗೆ ಹಾರಿ ತಪ್ಪಿಸಿಕೊಳ್ಳಲು ಹೊಲವೆಲ್ಲ ಇದೆ. ಪೆಟ್ಟಿಗೆಯಲ್ಲಿ ಕಪ್ಪೆಯನ್ನು ಆರಿಸಿದವನು, ತಂದವನು, ಬಾಗಿಲು ಮುಚ್ಚಿದವನು ಮನುಷ್ಯ. ಸಂಕಲ್ಪ ಅವನದು, ಆದ್ದರಿಂದ ಬಂಧವೂ ಅವನಿಗೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಯಶೋಧರ, ಚಂದ್ರಮತಿಯರು ಜನ್ಮಜನ್ಮಾಂತರ ಪಶುಯೋನಿಗಳಲ್ಲಿ ಅಲೆದುದನ್ನು ಜನ್ನನ ಯಶೋಧರಚರಿತೆಯಿಂದ ಕನ್ನಡಿಗರೆಲ್ಲ ಬಲ್ಲರು. ಹಿಟ್ಟಿನ ಕೋಳಿಗೇ ಅಷ್ಟಾದರೆ ಉಸಿರಾಡುವ ಇಲಿಯ ಮರಿಗೆ ಎಷ್ಟು?

ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಗೆ ಹೊಲದ ನೆನಪೇ ಇಲ್ಲ, ಅದಕ್ಕೆ ದುಃಖವೆಲ್ಲಿಯದು ಎಂಬುದು ಎರಡನೆಯದು. ಸೆರೆಮನೆಯಲ್ಲಿ ಹುಟ್ಟಿದ ಕೂಸಿಗೆ ಹೊರಗಿನ ನೆನಪಿಲ್ಲವೆಂದು ಅದನ್ನು ಅಲ್ಲೇ ಇಡುವುದು ನ್ಯಾಯವಾಗುವುದಿಲ್ಲ. ಕಟ್ಟಿದವನ ದೋಷವನ್ನು ಕಟ್ಟಿಸಿಕೊಂಡವನ ನೆನಪಿನಿಂದ ಅಳೆಯಲಾಗದು.

ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಾವನ್ನು ಹತ್ತಿರದಿಂದ ನೋಡಿ ಬೆಳೆದ ಮಗು ಹಾವನ್ನು ಕಂಡ ಕೂಡಲೇ ಬಡಿಗೆ ಹುಡುಕುವುದಿಲ್ಲ ಎಂದು ಹವ್ಯಾಸಿಗಳು ಹೇಳುತ್ತಾರೆ. ಭಯವೇ ಹಾವಿನ ದೊಡ್ಡ ಶತ್ರುವೆಂಬುದು ನಿಜ. ಹಾವು ಸಾಕುವುದನ್ನು ನಿಂದಿಸಿ, ಹೊಲದಲ್ಲಿ ಕಂಡ ಕೇರೆ ಹಾವನ್ನು ಬಡಿದು ಹಾಕುವ ಶ್ರಾವಕನಿದ್ದರೆ ಅವನ ದೋಷ ಹವ್ಯಾಸಿಯ ದೋಷಕ್ಕಿಂತ ಹಿರಿದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ಕಟಾವಿನ ನಂತರ ರವದಿಗೆ ಬೆಂಕಿ ಇಡುವಾಗ ಅದರಡಿ ಆಶ್ರಯ ಪಡೆದ ಹಾವು, ಓತಿ, ಕಪ್ಪೆಗಳು ಏನಾಗುತ್ತವೆ ಎಂಬುದನ್ನೂ ಜೈನ ರೈತ ಸಮಾಜ ಕೇಳಿಕೊಳ್ಳಬೇಕು. ಆದರೆ ಭಯ ನೀಗಲು ಬೇಕಾದದ್ದು ತಿಳಿವಳಿಕೆಯೇ ಹೊರತು ಸೆರೆಯಲ್ಲ. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿ, ಚಳಿಗಾಲವನ್ನು ನೆಲದಡಿ ಕಳೆದ ಗಾರ್ಟರ್ ಹಾವುಗಳು ವಸಂತದಲ್ಲಿ ಸಾವಿರ ಸಾವಿರವಾಗಿ ಹೊರಬರುತ್ತವೆ. ಜನ ಸಂಸಾರ ಸಮೇತ ಅಲ್ಲಿಗೇ ಹೋಗಿ ನೋಡುತ್ತಾರೆ. ಹೆದ್ದಾರಿ ದಾಟುವಾಗ ಹಾವುಗಳು ವಾಹನಕ್ಕೆ ಸಿಲುಕಿ ಸಾಯಬಾರದೆಂದು ರಸ್ತೆಯ ಅಡಿಯಲ್ಲಿ ಅವಕ್ಕಾಗಿ ಸಣ್ಣ ಸುರಂಗಗಳನ್ನು ಮಾಡಿದ್ದಾರೆ. ಹಾವನ್ನು ಮನೆಗೆ ತರುವ ಬದಲು ಹಾವಿಗೆ ದಾರಿ ಬಿಟ್ಟುಕೊಡುವುದು ಅನ್ಯಧರ್ಮೀಯರಿಗೆ ಸಾಧ್ಯವಾದರೆ ಜೀವದಯೆಯನ್ನು ಕುಲಧರ್ಮವಾಗಿ ಪಡೆದವರಿಗೆ ಏಕೆ ಸಾಧ್ಯವಾಗಬಾರದು?

ಪಾಂಜರಾಪೋಲುಗಳನ್ನು ನಡೆಸುವವರು ಪ್ರಾಣಿಗಳನ್ನು ಕೂಡಿಹಾಕುವುದಿಲ್ಲವೇ ಎಂಬುದು ಕೊನೆಯ ಆಕ್ಷೇಪ. ಗುಜರಾತಿನ ಕೆಲವು ಪಾಂಜರಾಪೋಲುಗಳಲ್ಲಿ ಧಾನ್ಯದ ಹುಳುಗಳಿಗೂ ಪ್ರತ್ಯೇಕ ಕೋಣೆಗಳಿದ್ದವು. ಯಾರ ಹಿತಕ್ಕಾಗಿ ಬಾಗಿಲು ಮುಚ್ಚಿದೆ ಎಂಬುದೇ ಅಲ್ಲಿನ ಪರೀಕ್ಷೆ. ಕುಂಟಾದ, ಮುದಿಯಾದ, ಕಟುಕನಿಂದ ಬಿಡಿಸಿದ ಪ್ರಾಣಿಯ ರಕ್ಷಣೆಗಾಗಿ ಅಲ್ಲಿ ಬಾಗಿಲು ಮುಚ್ಚುತ್ತದೆ. ಅಲ್ಲಿ ಅಂದ ನೋಡಿ ಆರಿಸುವುದಿಲ್ಲ. ಬಾವಿಗೆ ಬಿದ್ದ ಹಾವನ್ನು ಬಲ್ಲವರಿಂದ ಎತ್ತಿಸಿ ಅಂದೇ ಬಯಲಿಗೆ ಬಿಡಿಸುವುದು ದಯೆ. ಅದರ ಬಣ್ಣ ಚೆನ್ನಾಗಿದೆಯೆಂದು ಇಟ್ಟುಕೊಂಡ ಕ್ಷಣದಿಂದ ಅದು ಸಂಗ್ರಹ.

ಪಾರ್ಶ್ವಪ್ರಭುವಿನ ನಿದರ್ಶನ

ಹಾವಿನೊಡನೆ ಜೈನಧರ್ಮಕ್ಕಿರುವ ಸಂಬಂಧ ಅತಿ ಪ್ರಾಚೀನವಾದುದು. ಪಾರ್ಶ್ವನಾಥ ತೀರ್ಥಂಕರರ ಬಿಂಬದ ಮೇಲೆ ಹೆಡೆ ಬಿಚ್ಚಿ ನಿಂತ ಧರಣೇಂದ್ರನನ್ನು ಮಕ್ಕಳೂ ಗುರುತಿಸುತ್ತಾರೆ. ರಟ್ಟರ ಆಸ್ಥಾನದಲ್ಲಿದ್ದ ಪಾರ್ಶ್ವಪಂಡಿತ 13ನೆಯ ಶತಮಾನದಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಪುರಾಣವಾಗಿ ಬರೆದನು. ಕುಮಾರ ಪಾರ್ಶ್ವನು ಪಂಚಾಗ್ನಿತಪದಲ್ಲಿದ್ದ ತಾಪಸನನ್ನು ತಡೆದು, ಕೊರಡಿನೊಳಗೆ ಜೀವವಿದೆ, ಸೀಳಬೇಡವೆಂದನು. ತಾಪಸನು ಕೇಳದೆ ಕೊಡಲಿ ಹಾಕಿದನು. ಒಳಗಿದ್ದ ನಾಗದಂಪತಿಗಳು ತುಂಡಾದವು. ಕುಮಾರನು ಅವಕ್ಕೆ ಧರ್ಮದ ಮಾತನ್ನು ಕೇಳಿಸಿದನು. ಅವು ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿದವು. ರಾಜಕುಮಾರನಾಗಿದ್ದ ಪ್ರಭು ಬೇಕಾಗಿದ್ದರೆ ಅರಮನೆಯಲ್ಲಿ ನೂರು ನಾಗಗಳನ್ನು ಸಾಕಬಹುದಾಗಿತ್ತು. ಅವನು ಮಾಡಿದ್ದು ಎರಡೇ: ಕಡಿಯಬೇಡವೆಂದು ತಡೆದದ್ದು, ಸಾಯುವ ಜೀವಕ್ಕೆ ಶಾಂತಿ ಕೊಟ್ಟದ್ದು.

ಇನ್ನೊಂದು ನಿದರ್ಶನ ಇದೇ ನೆಲದ್ದು. ನಿಪ್ಪಾಣಿ ಭಾಗದ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರು ಕೊಗನೋಳಿಯ ಬಸದಿಯಲ್ಲಿ ಧ್ಯಾನದಲ್ಲಿದ್ದಾಗ ಹಾವೊಂದು ಅವರ ಮೈಯೇರಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಹಾರಾಜರು ಅದನ್ನು ಹಿಡಿಯಲಿಲ್ಲ, ಅಟ್ಟಲೂ ಇಲ್ಲ. ಅದು ತಾನಾಗಿ ಇಳಿದುಹೋಯಿತು. ಹಾವಿನೊಡನೆ ಶ್ರಾವಕನು ಇಟ್ಟುಕೊಳ್ಳಬೇಕಾದ ಸಂಬಂಧದ ಅಳತೆಗೋಲು ಇದೇ. ಬಂದುದಕ್ಕೆ ಅಭಯ, ಹೋಗುವುದಕ್ಕೆ ದಾರಿ.

ಬಸದಿಗಳ ಟ್ರಸ್ಟುಗಳು ಮಾಡಬೇಕಾದದ್ದು

ಶ್ರಾವಣ ಶುದ್ಧ ಪಂಚಮಿ ನಾಗಪಂಚಮಿ. ಎರಡು ದಿನ ಕಳೆದು ಸಪ್ತಮಿ ಪಾರ್ಶ್ವನಾಥರ ಮೋಕ್ಷಕಲ್ಯಾಣ. ಸಾಂಗಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ಪಂಚಮಿಗೆ ಜೀವಂತ ನಾಗರಗಳನ್ನು ಹಿಡಿದು ಮೆರೆಸುವ ಪದ್ಧತಿಯನ್ನು ಮುಂಬಯಿ ಉಚ್ಚ ನ್ಯಾಯಾಲಯ 2014ರಲ್ಲಿ ತಡೆಯಬೇಕಾಯಿತು. ಜೈನ ಬಸದಿಗಳಿಗೆ ಅಂತಹ ಆದೇಶದ ಅವಶ್ಯಕತೆ ಬೀಳಬಾರದು. ಈ ಎರಡು ದಿನಗಳ ನಡುವೆ ಪ್ರತಿಯೊಂದು ಟ್ರಸ್ಟು ಪಾಠಶಾಲೆಯ ಮಕ್ಕಳಿಗೆ ಹಾವುಗಳ ಪರಿಚಯ ಮಾಡಿಸಲಿ. ವಿಷವುಳ್ಳ ನಾಗರ, ಕಟ್ಟು ಹಾವು, ಕೊಳಕುಮಂಡಲಗಳು ಯಾವುವು. ವಿಷವಿಲ್ಲದ ಕೇರೆ, ನೀರೊಳ್ಳೆ, ಎರಡು ತಲೆ ಹಾವುಗಳು ಯಾವುವು. ಮರಿಯಾಗಿದ್ದಾಗಿನ ಬಣ್ಣ ಬೆಳೆದ ಮೇಲೆ ಹೇಗೆ ಬದಲಾಗುತ್ತದೆ ಎಂಬುದನ್ನು ಚಿತ್ರಗಳಿಂದ ತೋರಿಸಲಿ. ಬದುವಿನ ಮೇಲೆ ಕಳಚಿ ಬಿದ್ದ ಪೊರೆಯೊಂದು ಮಗುವಿಗೆ ಕಲಿಸುವ ಪಾಠವನ್ನು ಗಾಜಿನ ಪೆಟ್ಟಿಗೆ ಕಲಿಸಲಾರದು.

ಅದರ ಜೊತೆಗೆ ಟ್ರಸ್ಟುಗಳು ಮೂರು ನಿರ್ಣಯಗಳನ್ನು ಅಂಗೀಕರಿಸುವುದು ಉಚಿತ. ಬಸದಿಯ ಆವರಣದಲ್ಲಿ, ಸಮಾಜದ ಉತ್ಸವಗಳಲ್ಲಿ ಜೀವಂತ ಹಾವುಗಳ ಪ್ರದರ್ಶನಕ್ಕೆ ಸ್ಥಳ ಕೊಡಬಾರದು, ಹಣವನ್ನೂ ಕೊಡಬಾರದು. ಅರಣ್ಯ ಇಲಾಖೆಯ ಮತ್ತು ಹಾವು ಹಿಡಿದು ಬಯಲಿಗೆ ಬಿಡುವ ಬಲ್ಲವರ ದೂರವಾಣಿ ಸಂಖ್ಯೆಗಳನ್ನು ಬಸದಿಯ ಫಲಕದಲ್ಲಿ ಬರೆಸಬೇಕು. ಹಾವನ್ನಾಗಲಿ, ಹಿಂಸಾಹಾರವಿಲ್ಲದೆ ಬದುಕದ ಬೇರೆ ಯಾವ ಕಾಡುಜೀವಿಯನ್ನಾಗಲಿ ಮನೆಯಲ್ಲಿ ಸಾಕುವುದು, ಮಾರುವುದು, ಕೊಳ್ಳುವುದು ಶ್ರಾವಕಾಚಾರಕ್ಕೆ ವಿರುದ್ಧವೆಂದು ಸಭೆ ಕರೆದು ಸ್ಪಷ್ಟವಾಗಿ ಹೇಳಬೇಕು. ಅನಂತಪುರದಂತಹ ಊರಿನಲ್ಲಿ ಎರಡು ತಲೆ ಹಾವಿನ ದಲ್ಲಾಳಿ ಜೈನ ಅಂಗಡಿಯ ಮೆಟ್ಟಿಲೇರಿದರೆ, ಬೆಲೆ ಕೇಳುವುದಕ್ಕೂ ಬಾಯಿ ತೆರೆಯದೆ ಅವನನ್ನು ಹಿಂದಿರುಗಿಸುವಷ್ಟು ಆ ಮಾತು ಸ್ಪಷ್ಟವಾಗಿರಬೇಕು.

ಹಾವಿನ ಮೈಬಣ್ಣ ಸೃಷ್ಟಿಯ ಸೊಗಸು ಎಂಬುದರಲ್ಲಿ ವಿವಾದವಿಲ್ಲ. ಆ ಸೊಗಸು ಹಾವಿಗೆ ಬಂದದ್ದು ಮಣ್ಣಿನಲ್ಲಿ, ಹುಲ್ಲಿನಲ್ಲಿ, ನೀರಿನಲ್ಲಿ ಅಡಗಿ ಬದುಕುವುದಕ್ಕಾಗಿ. ಯಾರದೋ ಪಡಸಾಲೆಯನ್ನು ಅಲಂಕರಿಸುವುದಕ್ಕಾಗಿ ಅಲ್ಲ. ಮಳೆಗಾಲದ ಬದುವಿನಲ್ಲಿ ಅದು ಹರಿದುಹೋಗುವಾಗ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡುವವನಿಗೆ ಬಣ್ಣವೂ ದಕ್ಕುತ್ತದೆ, ವ್ರತವೂ ಉಳಿಯುತ್ತದೆ.